ಕರಿ ಮುಖದ ವಾಚು

“ಧಾರೆ ಹೊತ್ತಿನಾಗೆ ಹತ್ತು ಜನದ ಮುಂದೆ ಆಡಿದ ಮಾತು ಮಾವ ಅದು. ಈಗ ನುಂಗಿಕೊಂಡ್ರೆ ನಾನು ಸುಮ್ನೆ ಹೋಗಲ್ಲ.”

“ಯಾವನಲೇ ನುಂಗಿದ್ದು? ನಾಲಿಗೆ ಬಿಗಿ ಹಿಡಿ. ಕೊಡಬೇಕು ಅಂತಲೇ ಎರಡನ್ನೂ ಕಂಬಳಿ ಮ್ಯಾಲೆ ಇಟ್ಟಿಲ್ವಾ? ಕಣ್ಣು ಕಾಣಲ್ವಾ ನಿಂಗೆ?”

ಭರಮಸಾಗರದ ಕುರಿ ವ್ಯಾಪಾರಿ ಗೊಲ್ಲಪ್ಪ ಮೆಲ್ಲಗೆ ಮಾತಾಡಿದ್ದನ್ನು ಆ ಬೀದಿ ಎಂದೂ ಕೇಳಿರಲಿಲ್ಲ. ಎದುರಿಗೆ ಕೂತು ಸಮಸಮಕ್ಕೆ ಕೂಗುತ್ತಿದ್ದವನು ಅವನ ಅಕ್ಕನ ಮಗ ಚಿತ್ತಪ್ಪ. ಹೋದ ವರ್ಷವಷ್ಟೇ ಗೊಲ್ಲಪ್ಪನ ಮಗಳನ್ನು ಕಟ್ಟಿಕೊಂಡು ಅಳಿಯನೂ ಆದವನು. ಮದುವೆಯ ಸಡಗರದಲ್ಲಿ ಗೊಲ್ಲಪ್ಪ, ನನ್ನ ಹತ್ತಿರ ಎರಡು ಸ್ವಿಸ್ ವಾಚು ಅವೆ, ನಿಂಗೆ ಯಾವುದು ಬೇಕೋ ತಗೊ ಎಂದುಬಿಟ್ಟಿದ್ದ. ವರ್ಷ ತುಂಬಿದರೂ ವಾಚಿನ ಸುದ್ದಿಯೇ ಇಲ್ಲದಾಗ, ಚಿತ್ತಪ್ಪ ಯಲ್ಲದಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಜಗಲಿಯ ಮೇಲೆ ಗಟ್ಟಿಯಾಗಿ ಕೂತಿದ್ದ.

ಕಂಬಳಿಯ ಮೇಲೆ ಒಂದು ಕರಿ ಮುಖದ್ದು, ಒಂದು ಬಿಳಿ ಮುಖದ್ದು. ಎರಡನ್ನೂ ಗೊಲ್ಲಪ್ಪ ಬೊಂಬಾಯಿಗೆ ಲಾರಿಯಲ್ಲಿ ಕುರಿ ತುಂಬಿಕೊಂಡು ಹೋದಾಗ ಕೊಂಡು ತಂದಿದ್ದ. ಊರಲ್ಲಿ ಮಾಮೂಲಿ ಕೈಗಡಿಯಾರ ಇದ್ದವರೇ ಬೆರಳೆಣಿಕೆಯಷ್ಟು ಇದ್ದ ಕಾಲ. ಇವಕ್ಕೋ ದೊಡ್ಡ ಮುಖದೊಳಗೆ ಮತ್ತೆ ಪುಟ್ಟಪುಟ್ಟ ಮುಖಗಳು, ಪಕ್ಕದಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದನೆಯ ಮುಳ್ಳು ಓಟ ಕೀಳುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಹೊರಟ ಜಾಗಕ್ಕೇ ಬಂದು ತೆಪ್ಪಗೆ ನಿಲ್ಲುತ್ತದೆ.

ಗೊಲ್ಲಪ್ಪನ ಜೀವ ಇದ್ದದ್ದು ಕರಿಯದರಲ್ಲಿ. ಬಿಳಿಯದು ದೊಡ್ಡದು, ಹೊಳಪಿನದು, ಕೈ ಬೀಸಿ ನಡೆದರೆ ಸಾಕು, ತಾನೇ ನಡೆಯುತ್ತದೆ. ಅದಕ್ಕೆ ಯಾರ ಹಂಗೂ ಇಲ್ಲ. ಕರಿಯದಕ್ಕೆ ಬೆಳಗಾದರೆ ಕೀಲಿ ಕೊಡಬೇಕು. ಹಾಸಿಗೆಯಲ್ಲೇ ಎದ್ದು ಕೂತು ಕೀಲಿ ತಿರುವುತ್ತಿದ್ದರೆ ಎಳೆ ಮರಿಯ ಕಿವಿ ಸವರಿದಂತೆ ಬೆರಳಿಗೆ ಹಿತವಾಗುತ್ತಿತ್ತು. ಲಾರಿಯಲ್ಲಿ ಕುರಿಗಳ ನಡುವೆ ತೂಕಡಿಸುವಾಗ ಅದನ್ನೇ ಕಿವಿಗೆ ಒತ್ತಿಕೊಳ್ಳುತ್ತಿದ್ದ. ಅದನ್ನು ಕೊಡುವುದೆಂದರೆ ಕೈಯನ್ನೇ ಕೊಟ್ಟ ಹಾಗೆ. ಆದರೆ ಮಾತು ಕೊಟ್ಟಾಗಿತ್ತು, ಆರಿಸುವ ಹಕ್ಕು ಅಳಿಯನದಾಗಿತ್ತು. ಉಳಿದದ್ದು ಒಂದೇ ದಾರಿ: ಅಳಿಯನ ಕೈ ತಾನಾಗಿ ಬಿಳಿಯದರ ಕಡೆ ಹೋಗುವಂತೆ ಮಾಡುವುದು.

ಕೋಪ ಇಳಿಸಿಕೊಂಡು ಗೊಲ್ಲಪ್ಪ ಶುರು ಹಚ್ಚಿದ. ಬಿಳಿಯದರ ತೂಕ ನೋಡು ಎಂದ, ಗಾಜು ನೋಡು ಎಂದ, ತಾರೀಕು ಸಹ ತೋರಿಸುತ್ತದೆ ಎಂದ, ಬೆಳ್ಳಿ ಕರಗಿಸಿ ಎರಕ ಹೊಯ್ದ ಹಾಗೆ ಮಾಡಿದ್ದಾರೆ ಎಂದ. ಕರಿಯದರ ಕಡೆಗೆ ಗದ್ದ ತೋರಿಸಿ, ಅದೊಂದು ದಂಡ, ದಿನಾ ಕೀಲಿ ತಿರುವಿ ಬೆರಳಿಗೆ ಬೊಬ್ಬೆ ಬಂದಿದೆ, ಗುಂಡಿ ಸಡಿಲ, ಮುಖ ಕತ್ತಲು, ಮುಳ್ಳು ಹುಡುಕುವುದಕ್ಕೇ ದೀಪ ಹಿಡಿಯಬೇಕು ಎಂದು ಹಳಿದ. ಒಳಗೆ ಸಾರಿಗೆ ಖಾರ ಅರೆಯುತ್ತಿದ್ದ ಹೆಂಡತಿ ಜಯಕ್ಕ ಗುಂಡುಕಲ್ಲು ಬಿಟ್ಟು ಬಾಗಿಲಿಗೆ ಬಂದು ನಿಂತಳು. ಗಂಡ ಆ ವಾಚಿಗೆ ಇಷ್ಟು ಬೈದದ್ದನ್ನು ಅವಳು ಇವತ್ತೇ ಕೇಳಿದ್ದು.

ಚಿತ್ತಪ್ಪನಿಗೆ ಈ ರಾಗ ಹೊಸದಲ್ಲ. ಮದುವೆಗೆ ಮುಂಚೆ ಅವನು ಹೊಳಲ್ಕೆರೆ, ಹಿರಿಯೂರು ಎನ್ನದೆ ಸಂತೆ ಸಂತೆಗೂ ಮಾವನ ಬಾಲ ಹಿಡಿದು ತಿರುಗಿದವನು. ಬೇಡದ ಟಗರನ್ನು ಮಾವ ಬಾಯ್ತುಂಬ ಹೊಗಳಿ ಮುಂದಕ್ಕೆ ಹೋಗುತ್ತಿದ್ದ. ಮನಸ್ಸಿಗೆ ಹತ್ತಿದ ಟಗರು ಕಂಡರೆ ಮಾತ್ರ ನಿಂತು, ಬೆಲೆ ಇಳಿಸಲು ಕೆಮ್ಮು ಐತೆ, ಕುಂಟು ಐತೆ ಎಂದು ಅದರ ಹಲ್ಲಿನಿಂದ ಹಿಡಿದು ಗೊರಸಿನ ತನಕ ಹಳಿಯುತ್ತಿದ್ದ. ಚಿತ್ತಪ್ಪ ಕರಿಯ ವಾಚನ್ನು ಎತ್ತಿ ಅಂಗೈ ಮೇಲೆ ಮಲಗಿಸಿಕೊಂಡ.

“ಮಾವ, ಇದಕ್ಕೆ ಕೆಮ್ಮು ಏನಾರ ಐತಾ?”

“ಐತಲ್ಲ. ಚಳಿಗಾಲ ಬಂದ್ರೆ ಹಿಂದೆ ಬೀಳ್ತೈತೆ.”

“ಕುಂಟು?”

“ಒಂಚೂರು ಕುಂಟೂ ಐತೆ. ಸುಳ್ಳು ಯಾಕೆ ಹೇಳ್ಲಿ.”

“ಹಂಗಾದ್ರೆ ಇದೇ ಇರ್ಲಿ ಬಿಡು.”

ಜಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ನಿಲ್ಲಲಿಲ್ಲ. ತಾನೇ ಹಳಿದದ್ದನ್ನು ಗೊಲ್ಲಪ್ಪ ಈಗ ಹಿಂದಕ್ಕೆ ತಗೊಳ್ಳುವ ಹಾಗಿರಲಿಲ್ಲ. ಲೇ ಹುಚ್ಚ, ಒಳ್ಳೇದು ಬಿಟ್ಟು ಕೆಟ್ಟದ್ದು ಯಾಕಲೇ ಎಂದು ಎರಡು ಸಲ ಗದರಿಸಿ ನೋಡಿದ.

“ಒಳ್ಳೇದು ದೊಡ್ಡೋರ ಕೈಯಾಗೆ ಇರ್ಲಿ ಮಾವ,” ಎಂದು ಚಿತ್ತಪ್ಪ ವಾಚು ಕಟ್ಟಿಕೊಂಡು, ಮಾವನ ಕಾಲಿಗೂ ಅತ್ತೆಯ ಕಾಲಿಗೂ ಬಿದ್ದು, ಉಂಡು ಹೋಗೆಂದರೂ ದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟು ಮೆಟ್ಟಿಕೊಂಡು ಹೊರಟೇಬಿಟ್ಟ.

“ಹೋಗ್ಲಿ ಬಿಡು. ಕೆರೆ ಏರಿ ಹತ್ತೋದ್ರೊಳಗೆ ಅವನಿಗೇ ಮನಸ್ಸು ತಡಿಯಲ್ಲ, ತಂದು ಕೊಡ್ತಾನೆ ನೋಡ್ತಿರು,” ಎಂದು ಗೊಲ್ಲಪ್ಪ ಬಿಳಿ ವಾಚನ್ನು ಕೈಗೆ ತಗೊಂಡು ಮೇಲಿನ ಗುಂಡಿ ಒತ್ತಿದ. ಉದ್ದನೆಯ ಮುಳ್ಳು ಓಟ ಕಿತ್ತಿತು. ಒಂದು ಸುತ್ತು ಬಂತು, ಇನ್ನೊಂದು ಬಂತು. ದಾವಣಗೆರೆ ರಸ್ತೆಯ ಕಡೆಯಿಂದ ದುರ್ಗದ ಬಸ್ಸಿನ ಹಾರನ್ ಕೇಳಿಸಿ, ದೂರವಾಗಿ, ನಿಂತುಹೋಯಿತು.

“ಮುದ್ದೆ ಆರೋಗ್ತೈತೆ, ಬಾ,” ಎಂದಳು ಜಯಕ್ಕ.

“ತಡಿಯೇ ಮಾರಾಯ್ತಿ,” ಎಂದ ಗೊಲ್ಲಪ್ಪ. ಅವನ ಕಣ್ಣು ಬೀದಿಯ ತಿರುವಿನಲ್ಲಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.