ಮೇಣದ ಕೈಕಾಲು

ದ್ವೀಪದ ಕಡಲಂಚಿನ ಹಳೇ ಇಗರ್ಜಿಯ ಮೆಟ್ಟಿಲ ಮೇಲೆ ಸೆವ್ರಿನ್ ಬಾಯಿ ಮೇಣದ ಕೈಕಾಲು ಮಾರುತ್ತಿದ್ದಳು. ಕಾಲು ನೋಯುವವರು ಕಾಲನ್ನು, ಕಣ್ಣು ಮಂಜಾದವರು ಕಣ್ಣನ್ನು ಕೊಂಡು ಚರ್ಚಿನೊಳಗಿನ ಮಾತೆಯ ಪಾದದಲ್ಲಿಟ್ಟು ಬೇಡಿಕೊಳ್ಳುವುದು ಅಲ್ಲಿನ ವಾಡಿಕೆ. ಗಿರಾಕಿಯ ನಡಿಗೆ ನೋಡಿಯೇ ಅವಳು ಕಾಯಿಲೆ ಹೇಳಿಬಿಡುತ್ತಿದ್ದಳು. ಮುಕ್ಕಾಲು ಪಾಲು ತಪ್ಪಿದರೂ ಆ ಚಟ ಬಿಟ್ಟಿರಲಿಲ್ಲ.

ಲಾಂಚಿನಿಂದ ಇಳಿದು ಬಂದ ಹೆಂಗಸು ನೆಟ್ಟಗೇ ನಡೆಯುತ್ತಿದ್ದಳು. ಬಂದವಳೇ ಎರಡು ಕಾಲು ಆರಿಸಿಕೊಂಡಳು. ಆಮೇಲೆ ಎರಡು ಕೈ, ಒಂದು ಎದೆ, ಒಂದು ತಲೆ.

"ಎಂಥದು ಬಾಯಮ್ಮ, ಅಂಗಡಿಯನ್ನೇ ಹೊತ್ತುಕೊಂಡು ಹೋಗ್ತೀರಾ?" ಸೆವ್ರಿನ್ ನಕ್ಕಳು. "ಇಷ್ಟೆಲ್ಲ ನೋವಿದ್ರೆ ಲಾಂಚ್ ಹತ್ಲಿಕ್ಕೇ ಆಗ್ತಿರ್ಲಿಲ್ಲ. ಮಾತೆಗೂ ಗಲಿಬಿಲಿ ಮಾಡ್ಬಾರ್ದು ಮಾರಾಯ್ರೆ. ನಿಜವಾಗಿ ನೋಯುವುದು ಯಾವುದು, ಅದೊಂದು ಹೇಳಿ."

"ನಂಗಲ್ಲ. ಮಗನಿಗೆ."

"ಹಾಗಾದ್ರೆ ಅವನನ್ನೇ ಕರ್ಕೊಂಡು ಬರ್ಬೇಕಿತ್ತು. ಅಮ್ಮನ ಬೆನ್ನ ಹಿಂದೆ ಅಡಗಿ ಕೂತ್ರೆ ಗುಣ ಆಗ್ತದಾ?"

ಹೆಂಗಸು ಚೀಲದಿಂದ ಇಸ್ತ್ರಿ ಮಾಡಿದ ಶರಟೊಂದನ್ನು ತೆಗೆದು ಮೆಟ್ಟಿಲ ಮೇಲೆ ಹರಡಿದಳು. ಮೇಣದ ಕೈಗಳನ್ನು ಒಂದೊಂದಾಗಿ ಅದರ ತೋಳಿನೊಳಗೆ ತೂರಿಸಿದಳು.

"ಕಡಲಿಗೆ ಹೋದ ದೋಣಿ ಮಾತ್ರ ವಾಪಸ್ ಸಿಕ್ಕಿತು ಬಾಯಿ. ನಾಳೆ ಮಣ್ಣು ಮಾಡುವ ಪೆಟ್ಟಿಗೆಯೊಳಗೆ ಇಡ್ಲಿಕ್ಕೆ ಏನಾದ್ರೂ ಬೇಕಲ್ಲ."