ಹಗಲಲ್ಲಿ ಉರಿದ ಹೆಡ್‌ಲೈಟು

"ಕೀ ಕೊಡಿ ತಾಯಿ, ದಮ್ಮಯ್ಯ," ಎಂದು ಆಸ್ಪತ್ರೆಯ ಪಾರ್ಕಿಂಗ್ ಕಾವಲುಗಾರ ಮೂರನೇ ಸಲ ಮಹಡಿ ಹತ್ತಿ ಬಂದು ಬೇಡಿಕೊಂಡ. "ಬೆಳಿಗ್ಗೆಯಿಂದ ನಿಮ್ಮ ಕಾರಿನ ಹೆಡ್‌ಲೈಟ್ ಉರೀತಾನೇ ಇದೆ. ಇನ್ನರ್ಧ ಗಂಟೆ ಬಿಟ್ರೆ ಬ್ಯಾಟರಿ ಪೂರ್ತಿ ಇಳಿದುಹೋಗುತ್ತೆ. ನಾನೇ ಆರಿಸಿ ಬರ್ತೀನಿ."

ಆಪರೇಷನ್ ಥಿಯೇಟರಿನ ಎದುರಿನ ಕಿಟಕಿಗೆ ಹಣೆಯೊತ್ತಿ ನಿಂತಿದ್ದ ಹೆಂಗಸು ಮುಷ್ಟಿ ಸಡಿಲಿಸಲಿಲ್ಲ. ಕೀ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. "ಬೇಡಣ್ಣ. ಮಗಳನ್ನ ಎತ್ಕೊಂಡು ಓಡಿ ಬರುವಾಗ ಆರಿಸೋದು ಮರೆತೆ. ಅವಳನ್ನ ಒಳಗೆ ಕರ್ಕೊಂಡು ಹೋದ ಮೇಲೆ ಇಲ್ಲಿಂದ ನೋಡಿದ್ರೆ ಉರೀತಿತ್ತು. ಅದು ಉರಿಯೋವರೆಗೂ ಮಗೂಗೆ ಏನೂ ಆಗಲ್ಲ ಅಂದ್ಕೊಂಡುಬಿಟ್ಟೆ. ಹುಚ್ಚು ಅಂತ ಗೊತ್ತು. ಆದ್ರೂ ಈಗ ಹೇಗಣ್ಣ ಆರಿಸಲಿ?"

ಇಪ್ಪತ್ತು ವರ್ಷದಿಂದ ಗಾಡಿ ಕಾಯುತ್ತಿದ್ದ ಅವನಿಗೆ, ಆರಿಸದೆ ಬಿಟ್ಟ ಲೈಟು ಕಂಡರೆ ಮೈಯೆಲ್ಲ ಉರಿ. ಗದರಲು ಬಾಯಿ ತೆರೆದವನು ಕಿಟಕಿಯಿಂದ ಕೆಳಗೆ ನೋಡಿದ. ಹಳೇ ಕಾರಿನ ಎರಡೂ ದೀಪಗಳು ಹಳದಿಗೆ ತಿರುಗಿದ್ದವು. ನೋಡನೋಡುತ್ತಲೇ ಇನ್ನಷ್ಟು ಮಂಕಾದವು. ಅವಳ ಗಂಟಲಿನಿಂದ ಸಣ್ಣ ದನಿಯೊಂದು ಹೊರಟಿತು.

ಅವನು ಕೆಳಗೆ ಓಡಿದ. ಏದುಸಿರು ಬಿಡುತ್ತ ನಾಲ್ಕನೇ ಸಲ ಮೇಲೆ ಬಂದಾಗ, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ದಪ್ಪ ಕೇಬಲ್ ಅವನ ಹೆಗಲಿನಿಂದ ಜೋತಾಡುತ್ತಿತ್ತು.

"ಕೀ ಕೊಡಿ ತಾಯಿ," ಅಂದ. "ಆರಿಸೋಕಲ್ಲ, ಬಾನೆಟ್ ತೆಗೆಯೋಕೆ. ನನ್ನ ಗಾಡಿ ಸ್ಟಾರ್ಟ್ ಮಾಡಿ ಪಕ್ಕದಲ್ಲೇ ನಿಲ್ಲಿಸಿದೀನಿ."