ಮುತ್ತಾತನ ಬಾಟಲಿ

ಮೈಸೂರಿನ ಲಿಂಗರಾಜೇ ಅರಸು, ಮುತ್ತಾತ ಕೊಂಡಿದ್ದ ವೈನ್ ಬಾಟಲಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಹೆಂಡತಿಯೊಂದಿಗೆ ಅದನ್ನು ತಯಾರಿಸಿದ ಫ್ರಾನ್ಸಿನ ಹೆಸರಾಂತ ಎಸ್ಟೇಟಿಗೇ ಬಂದರು. ಹತ್ತು ವರ್ಷಕ್ಕೊಮ್ಮೆ ಅಲ್ಲಿನವರು ಅದರ ರುಚಿ ನೋಡಿ, ಬಿರಡೆ ಬದಲಿಸಿ, ಅಸಲಿ ಎಂಬ ಪತ್ರ ಕೊಡುತ್ತಿದ್ದರು. ನಾಲ್ಕು ತಲೆಮಾರಿನಿಂದ ಮನೆಯವರು ಮಾತ್ರ ಒಂದು ತೊಟ್ಟೂ ಮುಟ್ಟಿರಲಿಲ್ಲ.

ವಂಶಪಾರಂಪರ್ಯವಾಗಿ ರುಚಿ ನೋಡುವ ಎಸ್ಟೇಟಿನ ಪಂಡಿತ ಒಂದು ಲೋಟ ಬಗ್ಗಿಸಿಕೊಂಡು, ಕಣ್ಣು ಮುಚ್ಚಿ ಕುಡಿದ. "ಅಸಲಿ!" ಎಂದು ತಲೆದೂಗಿ, ಖಾಲಿಯಾದಷ್ಟು ಹೊಸ ವೈನ್ ಸುರಿದು ಬಿರಡೆ ಜಡಿದ.

"ನೋಡಿದ್ಯಾ? ನೂರು ವರ್ಷದ್ದು!" ಅರಸು ಹೆಂಡತಿಯತ್ತ ತಿರುಗಿ ಬೀಗಿದರು.

ಆಕೆ ಪಂಡಿತನನ್ನು ಕೇಳಿದರು: "ಪ್ರತಿ ಸಲಾನೂ ಹೀಗೇ ಕುಡಿದು ತುಂಬಿಸ್ತೀರಾ? ಹಾಗಾದ್ರೆ ಇವರ ಮುತ್ತಾತನ ವೈನ್ ಎಲ್ಲಿ?"

"ಅದು ನಮ್ಮ ತಾತನ ಕಾಲಕ್ಕೇ ಮುಗೀತಮ್ಮ. ತುಂಬಾ ಚೆನ್ನಾಗಿತ್ತಂತೆ."